ಚಪ್ಪಲಿಯ ಅಡಿ ನೋಡಿ ಬನ್ನಿ

ನಮ್ಮ ಅತ್ತೆ ಬಿದ್ದಿದ್ದು ದೂರದಲ್ಲೆಲ್ಲೂ ಅಲ್ಲ, ನಮ್ಮ ಮೆಟ್ಟಿಲ ಮೇಲೇ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹದಿನೇಳು ಮೆಟ್ಟಿಲು. ಮೂವತ್ತು ವರ್ಷದಿಂದ ಹತ್ತಿ ಇಳಿದವರು, ಅವತ್ತು ಹತ್ತೋವಾಗ ಕೊನೇ ಮೆಟ್ಟಿಲು ಇನ್ನೂ ಬಾಕಿ ಇದೆ ಅನ್ನೋದು ಮರೆತು ಕಾಲಿಟ್ಟು ಎಡವಿದ್ರು. ಸೊಂಟದ ಮೂಳೆ ಮುರೀತು.

ನಮ್ಮದು ಚಪ್ಪಲಿ, ಶೂ ರಿಪೇರಿ ಅಂಗಡಿ, ಕೇಳಿದ್ರೆ ಹೊಸದೂ ಹೊಲಿದು ಕೊಡ್ತೀವಿ. ಬಡಾವಣೆಯ ಬಸ್ ಸ್ಟಾಪ್ ಎದುರಿಗೇ ಇದೆ. ಕಟ್ಟಿದವರು ಅತ್ತೆ. ಮಗನಿಗೂ ಅವರೇ ಕೆಲಸ ಕಲಿಸಿದ್ರು, ಸೊಸೆಯಾಗಿ ಬಂದ ನನಗೂ ಅವರೇ ಕಲಿಸಿದ್ರು. ಗಿರಾಕಿ ಬಾಯಿ ಬಿಡೋ ಮುಂಚೆ ಚಪ್ಪಲಿ ತಿರುಗಿಸಿ, "ಎಡಗಾಲು ಎಳೀತಿದ್ದೀರಿ, ಮಂಡಿ ನೋವಾ?" ಅಂತ ಕೇಳೋರು. ಆ ಕಣ್ಣು ನಮಗಿಬ್ಬರಿಗೂ ಬಂದಿದೆ ಅಂದ್ಕೊಂಡಿದ್ವಿ. ಎಷ್ಟು ಬಂದಿದೆ ಅನ್ನೋದು ಮುಂದೆ ಕೇಳಿ.

ಆಪರೇಷನ್ ಆಯ್ತು. ಸೋಮವಾರ ಮೂಳೆ ಡಾಕ್ಟ್ರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ರು: "ಶುಕ್ರವಾರ ಕಳಿಸಿಕೊಡ್ತೀನಿ. ಆದರೆ ಎರಡು ಮೂರು ತಿಂಗಳು ದಿನಾ ಎಬ್ಬಿಸಿ ನಡೆಸಬೇಕು. ನಡೆಸಿದ್ರೆ ನಡೀತಾರೆ. ಮಲಗಿಸಿಬಿಟ್ರೆ ಮಲಗೇ ಉಳೀಬಹುದು."

ಅವರನ್ನ ಎಬ್ಬಿಸೋಕೆ ಇಬ್ಬರು ಬೇಕು, ಎಬ್ಬಿಸೋ ರೀತಿ ಗೊತ್ತಿರಬೇಕು. ನಮಗೆ ಗೊತ್ತಿರೋದು ಸೂಜಿ, ಅಂಟು, ಸುತ್ತಿಗೆ. ಕೆಲವು ವಾರ ಒಂದು ನರ್ಸಿಂಗ್ ಹೋಮಿನಲ್ಲಿ ಇರಿಸಿ ಅಂದ್ರು ಡಾಕ್ಟ್ರು. ಆಪರೇಷನ್ ಮಾಡೋ ಜಾಗ ಅಲ್ಲ, ಉಳಿದುಕೊಂಡು ಆರೈಕೆ ಮಾಡಿಸಿಕೊಳ್ಳೋ ಜಾಗ.

ನಮ್ಮ ಯಜಮಾನ್ರ ಮುಖ ಗಡಿಗೆಯಷ್ಟಾಯ್ತು. ಹೆತ್ತ ತಾಯಿನ ಯಾರದೋ ಕೈಗೆ ಕೊಡೋದಾ, ಜನ ಏನಂತಾರೆ ಅಂತ ಅಂಗಡಿಗೆ ಬಂದ ಮೇಲೂ ಗೊಣಗುತ್ತಲೇ ಇದ್ರು. ಜನ ಬಂದು ಅತ್ತೇನ ಎತ್ತಿ ಕೂರಿಸ್ತಾರಾ ಅಂತ ನಾನು ಕೇಳಿದೆ.

ಅಷ್ಟರಲ್ಲಿ ನರ್ಸಮ್ಮ ಬಂದ್ರು. ಬಡಾವಣೆಯ ಆರೋಗ್ಯ ಕೇಂದ್ರದವರು, ಮನೆ ಮನೆ ತಿರುಗಿ ತಿರುಗಿ ನಾಲ್ಕು ತಿಂಗಳಿಗೊಮ್ಮೆ ಶೂ ಅಡಿ ಹಾಕಿಸಿಕೊಳ್ಳೋರು. ಒಂದು ಶೂ ಬಿಚ್ಚಿ ಕೊಟ್ಟು ಸ್ಟೂಲ್ ಮೇಲೆ ಕೂತು ಎಲ್ಲಾ ಕೇಳಿಸಿಕೊಂಡ್ರು. ನಮ್ಮ ಸುತ್ತಮುತ್ತ ಅಂಥ ನರ್ಸಿಂಗ್ ಹೋಮ್ ಮೂರು ಇವೆ ಅಂದ್ರು. ಫೋನಿನಲ್ಲಿ ಮುಗಿಸಬೇಡಿ, ಮೂರಕ್ಕೂ ಹೋಗಿ. ಹೇಳಿ ಒಂದು ಸಲ, ಹೇಳದೆ ಒಂದು ಸಲ. ಹಾಸಿಗೆ ಪಕ್ಕದ ಕರೆಗಂಟೆ ಒತ್ತಿ ಯಾರು ಎಷ್ಟು ಹೊತ್ತಿಗೆ ಬರ್ತಾರೆ ನೋಡಿ. ದಿನಕ್ಕೆ ಎಷ್ಟು ಸಲ ನಡೆಸ್ತೀರಿ, ಎಲ್ಲಿ ಬರೆದಿಡ್ತೀರಿ ಅಂತ ಕೇಳಿ. ಮ್ಯಾನೇಜರ್ ಹತ್ತಿರ ಮಾತ್ರ ಅಲ್ಲ, ಅಲ್ಲಿ ಮಲಗಿರೋರ ಹತ್ತಿರವೂ ಮಾತಾಡಿ. ಎಲ್ಲಕ್ಕಿಂತ ಮೊದಲು ನಿಮ್ಮ ಅತ್ತೆಗೆ ಏನು ಬೇಕು ಅಂತ ಅವರನ್ನೇ ಕೇಳಿ ಅಂದ್ರು.

ಯಜಮಾನ್ರು ಅಂಟು ಹಚ್ಚುತ್ತಾ, ಸೇರಿಸಲೇಬೇಕು ಅಂದ್ರೆ ಒಂದು ಹಾಸಿಗೆ ಸಿಕ್ಕಿದ್ರೆ ಸಾಕಾಗಿದೆ, ಇಷ್ಟೆಲ್ಲ ಯಾರು ನೋಡ್ತಾರೆ ಅಂದ್ರು.

"ನಿಮ್ಮ ಗಿರಾಕಿ ಒಂದು ಜೊತೆ ಚಪ್ಪಲಿ ಕೊಳ್ಳೋವಾಗ ನಾಲ್ಕು ಹೆಜ್ಜೆ ನಡೆದು ನೋಡ್ತಾನಲ್ಲ," ಅಂದ್ರು ನರ್ಸಮ್ಮ. "ಇದು ನಿಮ್ಮ ಅಮ್ಮನ ವಿಷಯ."

ಮಂಗಳವಾರ ಅಂಗಡಿ ಬಾಗಿಲು ಹಾಕಿ ಹೊರಟ್ವಿ. ಮೊದಲನೇದು ಹಿಟ್ಟಿನ ಗಿರಣಿ ಪಕ್ಕದ್ದು. ಸಂಜೆ ಆರರ ಮೇಲೆ ಅಲ್ಲಿ ನರ್ಸೇ ಇರಲ್ಲ, ಕಾವಲುಗಾರ ಒಬ್ಬನೇ. ಹೋದಷ್ಟೇ ಬೇಗ ಹೊರಗೆ ಬಂದ್ವಿ.

ಎರಡನೇದು ನೋಡಬೇಕಿತ್ತು ನೀವು. ಅಂಗಳದಲ್ಲಿ ಕಾರಂಜಿ, ಒಳಗೆ ಕಿಟಕಿಯಷ್ಟು ದೊಡ್ಡ ಗಾಜಿನ ತೊಟ್ಟಿ, ಅದರಲ್ಲಿ ಕೆಂಪು ಮೀನು. ನೆಲದಲ್ಲಿ ನನ್ನ ಮುಖ ನನಗೇ ಕಾಣ್ತಿತ್ತು. ಪ್ರತಿ ಹಾಸಿಗೆ ಕೆಳಗೂ ಒಂದೊಂದು ಜೊತೆ ಚಪ್ಪಲಿ, ಗೆರೆ ಎಳೆದು ಜೋಡಿಸಿದ ಹಾಗೆ. ಹೆಗಲ ಮೇಲೆ ಕೈ ಹಾಕಿದ ಹಾಗೆ ಮೆತ್ತಗೆ ಮಾತಾಡೋ ಮ್ಯಾನೇಜರ್. ಗಂಟೆ ಒತ್ತಿದೆ, ಅರ್ಧ ನಿಮಿಷದಲ್ಲಿ ಬಂದ್ರು. ನಡೆಸ್ತೀರಾ ಅಂತ ಕೇಳಿದೆ. ಖಂಡಿತ, ಅಗತ್ಯ ಬಿದ್ದಾಗ ನಡೆಸ್ತೀವಿ ಅಂದ್ರು. ನರ್ಸಮ್ಮ ಹೇಳಿದ್ದನ್ನ ಬರೆದುಕೊಂಡಿದ್ದ ಚೀಟಿಯಲ್ಲಿ ನಾನೂ ಸರಿ ಅಂತ ಗೀಟು ಹಾಕಿಕೊಂಡೆ, ನನ್ನ ಬುದ್ಧಿಗಿಷ್ಟು.

ಇನ್ನು ನಮ್ಮ ಯಜಮಾನ್ರು. ಬೆಳಿಗ್ಗೆವರೆಗೆ ಬೇಡ ಬೇಡ ಅಂತಿದ್ದೋರು, ಈಗ ತಾವೇ ಸೇರಿಕೊಳ್ಳೋ ಹುಮ್ಮಸ್ಸಲ್ಲಿ ಫೋಟೋ ಹೊಡೆದಿದ್ದೇ ಹೊಡೆದಿದ್ದು. ಕಾರಂಜಿ ಒಂದು, ಮೀನು ಒಂದು, ಚಪ್ಪಲಿ ಸಾಲು ಒಂದು. ಒರಗು ಕುರ್ಚಿಯಲ್ಲಿ ಕಾಲು ಚಾಚಿ ಟಿವಿ ನೋಡ್ತಿದ್ದ ಒಬ್ಬ ತಾತ, ಫೋಟೋ ಅಂದ ಕೂಡಲೇ ಚಪ್ಪಲಿ ತೊಡಿಸಿಕೊಂಡು ನಕ್ಕರು. ಇಲ್ಲಿಗೆ ಸೇರಿದ ದಿನ ಮಗಳು ಕೊಡಿಸಿದ್ದು, ಎರಡು ವರ್ಷ ಆಯ್ತು ಅಂದ್ರು. ಅವರದ್ದೂ ಒಂದು ಫೋಟೋ ಆಯ್ತು.

ಮೂರನೇದು ಬಟ್ಟೆ ಒಗೆಯೋ ಕಾರ್ಖಾನೆ ಹಿಂದೆ. ಬಣ್ಣ ಉದುರಿದ ಗೋಡೆ, ತುಕ್ಕು ಹಿಡಿದ ಗೇಟು, ಒಳಗಿನಿಂದ ಏನೋ ಗಲಾಟೆ. ಯಜಮಾನ್ರು ಸ್ಕೂಟರ್ ನಿಲ್ಲಿಸಲೇ ಇಲ್ಲ. ಹಾಸಿಗೆ ಬೇಕಿದ್ರೆ ಕಾರಂಜಿ ಮನೆಯವರಿಗೆ ಬುಧವಾರ ಸಂಜೆಯೊಳಗೆ ಹೂಂ ಅನ್ನಬೇಕಿತ್ತು, ಅವರ ಮನಸ್ಸು ಆಗಲೇ ಅಲ್ಲಿ ಚಾಪೆ ಹಾಸಿಕೊಂಡು ಕೂತಿತ್ತು.

ಸಂಜೆ ಐದಕ್ಕೆ ಆಸ್ಪತ್ರೆಗೆ ಹೋಗಿ ಅಮ್ಮನ ಮುಂದೆ ಫೋನ್ ಹಿಡಿದ್ರು. ಅಮ್ಮ ನೋಡು ಕಾರಂಜಿ, ಅಮ್ಮ ನೋಡು ಮೀನು. ಅತ್ತೆ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ತಾತನ ಫೋಟೋ ಬಂತು. ಕಾಲು ಚಾಚಿದ್ದಕ್ಕೆ ಚಪ್ಪಲಿ ಅಡಿ ನೇರ ಕ್ಯಾಮೆರಾಕ್ಕೇ ಮುಖ ಮಾಡಿತ್ತು. ಅತ್ತೆ ಫೋನ್ ಕಿತ್ತುಕೊಂಡು, ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದ್ರು. ಇವರು ಎಷ್ಟು ದಿನದಿಂದ ಇದ್ದಾರೆ ಅಂತ ಕೇಳಿದ್ರು. ತಾತ ಹೇಳಿದ್ದನ್ನ ಯಜಮಾನ್ರು ಖುಷಿಯಿಂದ ಒಪ್ಪಿಸಿದ್ರು. ನೋಡಮ್ಮ, ಚಪ್ಪಲೀನೂ ಎಷ್ಟು ಜೋಪಾನವಾಗಿ ಇಟ್ಟಿದ್ದಾರೆ ಅಂತ ಬೇರೆ ಸೇರಿಸಿದ್ರು.

"ಎರಡು ವರ್ಷದ ಚಪ್ಪಲಿ ಕಣೋ ಇದು," ಅಂದ್ರು ಅತ್ತೆ. "ಅಡೀಲಿ ಕಂಪನಿ ಅಚ್ಚು ಕೂಡ ಅಳಿಸಿಲ್ಲ. ಈ ಮನುಷ್ಯ ಎರಡು ವರ್ಷದಿಂದ ನಾಲ್ಕು ಹೆಜ್ಜೆ ಇಟ್ಟಿಲ್ಲ. ದಿನಾ ಅಡಿ ನೋಡಿ ಅನ್ನ ತಿನ್ನೋನು ನೀನು, ಕಣ್ಣು ಅಂಗಡೀಲಿ ಬಿಟ್ಟು ಹೋಗಿದ್ಯಾ?"

ಯಜಮಾನ್ರ ಕಿವಿ ಕೆಂಪಾಯ್ತು. ನಾನಂತೂ ನಾಚಿಕೆಯಿಂದ ತಲೆ ತಗ್ಗಿಸಿದೆ. ಅಷ್ಟು ಜೊತೆ ಚಪ್ಪಲಿ ನಮ್ಮ ಕಣ್ಣೆದುರಿಗೇ ಇತ್ತು, ಒಂದನ್ನೂ ತಿರುಗಿಸಿ ನೋಡಿರಲಿಲ್ಲ. ನರ್ಸಮ್ಮ ಮೊದಲು ಮಾಡಿ ಅಂದಿದ್ದ ಕೆಲಸ ಕೂಡ ಬಿಟ್ಟಿದ್ವಿ. ಅತ್ತೇನ ಕೇಳೇ ಇರಲಿಲ್ಲ. ಮೂರನೇ ಮನೆ ಹೊರಗಿನಿಂದಲೇ ಬಿಟ್ಟು ಬಂದದ್ದನ್ನೂ ಒಪ್ಪಿಕೊಂಡು, ಆಗ ಕೇಳಿದೆ: "ಅತ್ತೆ, ನಿಮಗೆ ಏನು ಬೇಕು?"

"ನಾನು ಮೀನು ನೋಡ್ಕೊಂಡು ಕೂರೋಕೆ ಹೋಗ್ತಿಲ್ಲ ಕಣೇ. ನನ್ನ ಹದಿನೇಳು ಮೆಟ್ಟಿಲು ನಾನೇ ಹತ್ತಬೇಕು." ಹೊದಿಕೆ ಅಂಚಲ್ಲಿ ಕಣ್ಣು ಒರೆಸಿಕೊಂಡ್ರು. ಬಿದ್ದ ದಿನವೂ ಅಳದ ಹೆಂಗಸು. "ಬಿಟ್ಟು ಬಂದ್ರಲ್ಲ, ಅಲ್ಲಿಗೂ ಹೋಗಿ. ಚಪ್ಪಲಿಯ ಅಡಿ ನೋಡಿ ಬನ್ನಿ."

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಹೇಳದೆ ಕೇಳದೆ ತುಕ್ಕು ಗೇಟಿನ ಮುಂದೆ ನಿಂತ್ವಿ. ಜೊತೆಗೆ ನರ್ಸಮ್ಮ. ಒಳಗೆ ಕಾಲಿಟ್ರೆ ಸಂತೆಯ ಗದ್ದಲ. ಉದ್ದ ಪಡಸಾಲೆಯಲ್ಲಿ ಒಬ್ಬ ಅಜ್ಜಿ ನಾಲ್ಕು ಕಾಲಿನ ಊರುಗೋಲು ಹಿಡಿದು ಬರ್ತಿದ್ದಾರೆ, ಸಹಾಯಕಿ ಒಬ್ಬಳು ಅವರ ಮುಂದೆ ಹಿಮ್ಮುಖವಾಗಿ ನಡೀತಾ ಹೆಜ್ಜೆ ಎಣಿಸ್ತಿದ್ದಾಳೆ. ನೀನು ಒಂದು ನುಂಗಿದೆ, ಅದು ನಲವತ್ತೊಂದು ಅಂತ ಅಜ್ಜಿ ಜಗಳ.

ಬಾಗಿಲ ಪಕ್ಕ ಚಪ್ಪಲಿ ಗೂಡು. ಗೂಡಿನ ಮುಂದೆ ಯಜಮಾನ್ರು ಕುಕ್ಕುರುಗಾಲಲ್ಲಿ ಕೂತೇ ಬಿಟ್ರು. ಒಂದೊಂದೇ ತಿರುಗಿಸ್ತಾ ಹೋದ್ರು. ಹಿಮ್ಮಡಿ ಸವೆದದ್ದು, ಉಂಗುಷ್ಠ ಕಿತ್ತದ್ದು, ತುದಿ ತೇಯ್ದು ಕಾಗದ ಆದದ್ದು, ಯಾರೋ ಪುಣ್ಯಾತ್ಮರು ಬಟ್ಟೆ ದಾರದಲ್ಲಿ ಹೊಲಿದದ್ದು. ಅಂಗಡಿಗೆ ಬಂದಿದ್ರೆ ಬೈತಿದ್ರು, ಇಲ್ಲಿ ಒಂದೊಂದಕ್ಕೂ ಮುಖ ಅರಳ್ತಾ ಹೋಯ್ತು.

"ಇವರು ಮೊದಲು ಬಲಗಾಲು ಎಳೀತಿದ್ರು, ಈಚೆಗೆ ಊರಿ ನಡೀತಿದ್ದಾರೆ," ಅಂದ್ರು ಒಂದನ್ನ ಎತ್ತಿ ಹಿಡಿದು. "ಮೇಲಿನ ಸವೆತ ಹೊಸದು, ಎರಡೂ ಕಡೆ ಸಮ ಇದೆ."

ವ್ಯಾಯಾಮ ಮಾಡಿಸೋ ಮೇಡಂ ಬಾಯಿ ಬಿಟ್ಟುಕೊಂಡು ನಿಂತ್ರು. ಅದು ಜಗಳದ ಅಜ್ಜಿಯದೇ, ಹೊರಗೆ ಅಂಗಳದಲ್ಲಿ ನಡೆಸೋವಾಗ ಹಾಕಿಸೋ ಜೊತೆ. ಬಂದಾಗ ಎದ್ದು ಕೂರೋಕೂ ಆಗ್ತಿರಲಿಲ್ಲವಂತೆ.

ಚಪ್ಪಲಿ ಒಂದನ್ನೇ ನಂಬಿ ಕೂರಲಿಲ್ಲ ನಾವು, ಅದಕ್ಕೆ ನರ್ಸಮ್ಮ ಬಿಡಬೇಕಲ್ಲ. ಗಂಟೆ ಒತ್ತಿದ್ವಿ. ಎರಡು ನಿಮಿಷ ಹಿಡೀತು. ಬಂದ ನರ್ಸ್ ನೆಪ ಹೇಳಲಿಲ್ಲ, ಪಕ್ಕದ ಕೋಣೆಯವರನ್ನ ಎತ್ತಿ ಕೂರಿಸ್ತಿದ್ದೆ, ಅರ್ಧದಲ್ಲಿ ಬಿಡೋಕಾಗಲ್ಲ ಅಂದ್ಲು. ರಾತ್ರಿ ಪಾಳಿಗೆ ಯಾರು ಯಾರು ಅಂತ ಪಟ್ಟಿ ತೋರಿಸಿದ್ಲು. ಯಾರು ಯಾವತ್ತು ಎಷ್ಟು ಹೆಜ್ಜೆ ನಡೆದ್ರು ಅನ್ನೋದು ಗೋಡೆ ಮೇಲೇ ಬರೆದಿತ್ತು. ಕೋಣೆಗೆ ಮೂರು ಮೂರು ಹಾಸಿಗೆ, ಬಚ್ಚಲಲ್ಲಿ ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯೋದು ನಿಜ. ಬಿದ್ರೆ ಯಾರಿಗೆ ಫೋನ್ ಮಾಡ್ತೀರಿ, ಶುಲ್ಕದಲ್ಲಿ ಏನೇನು ಸೇರಿದೆ, ಮಧ್ಯದಲ್ಲಿ ಬಿಡಿಸಿಕೊಂಡು ಹೋಗಬಹುದಾ ಅಂತ ನರ್ಸಮ್ಮ ಒಂದೊಂದೇ ಕೇಳಿ, ಎಲ್ಲಾ ಕಾಗದದ ಮೇಲೆ ಬರೆಸಿಕೊಂಡ್ರು.

ಕಾರಂಜಿ ಮನೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಓಡಾಡೋ ಕಾಲ ಮುಗಿದು ನೆಮ್ಮದಿಯಾಗಿ ಮಲಗಬೇಕಾದವರಿಗೆ ಅದು ಒಳ್ಳೇದೇ ಇರಬಹುದು. ನಮ್ಮ ಅತ್ತೆಗೆ ಬೇಕಾಗಿದ್ದು ಅಲ್ಲಿರಲಿಲ್ಲ, ಅಷ್ಟೆ.

ಶುಕ್ರವಾರ ಅತ್ತೆ ತುಕ್ಕು ಗೇಟಿನ ಮನೆ ಸೇರಿದ್ರು. ಹೊಸ ಚಪ್ಪಲಿ ನಾನೇ ಹೊಲಿದು ಕೊಟ್ಟಿದ್ದೆ, ಅಡಿ ಕನ್ನಡಿಯ ಹಾಗಿತ್ತು. ಮೊದಲ ವಾರ ದಿನಾ ದೂರು. ನೋವಾಗತ್ತೆ, ಆ ಹುಡುಗಿ ಬಿಡಲ್ಲ, ಪಕ್ಕದ ಹಾಸಿಗೆಯಾಕೆ ಗೊರಕೆ. ಮೂರನೇ ವಾರ ಆ ಗೊರಕೆಯಾಕೆ ಜೊತೆಗೇ ಪಂದ್ಯ ಕಟ್ಟಿಕೊಂಡು ನಡೀತಿದ್ರು. ನಾವು ವಾರಕ್ಕೆರಡು ಸಲ, ಬೇರೆ ಬೇರೆ ಹೊತ್ತಿಗೆ, ಹೇಳದೆ ಹೋಗ್ತಿದ್ವಿ. ಅತ್ತೆ ಮಾತು ಕೇಳ್ತಾ ಯಜಮಾನ್ರ ಕಣ್ಣು ಮಾತ್ರ ಕೆಳಗೆ, ಚಪ್ಪಲಿ ಕಡೆ.

ಹನ್ನೊಂದನೇ ವಾರ ಅಂಗಡಿ ಮುಂದೆ ಆಟೋ ನಿಂತಿತು. ಅತ್ತೆ ಇಳಿದ್ರು, ಕೋಲೂರಿ ಒಳಗೆ ಬಂದು ಗಿರಾಕಿ ಸ್ಟೂಲ್ ಮೇಲೆ ಕೂತ್ರು. ಚಪ್ಪಲಿ ಬಿಚ್ಚಿ ಮಗನ ಮುಂದೆ ತಳ್ಳಿದ್ರು.

"ಹಿಮ್ಮಡಿ ಸವೆದಿದೆ. ಹೊಸದು ಹಾಕು."

ಯಜಮಾನ್ರು ತಿರುಗಿಸಿ ನೋಡಿದ್ರು. ನಾನು ಕೂಡಿಸಿದ್ದ ಅಡಿ ಎರಡೂ ಕಡೆ ಸಮವಾಗಿ ಸವೆದಿತ್ತು. ಸೂಜಿಗೆ ದಾರ ಪೋಣಿಸೋಕೆ ಕೂತ್ರು, ಮೂರು ಸಲವೂ ಆಗಲಿಲ್ಲ, ಕಣ್ಣು ತುಂಬಿಕೊಂಡಿತ್ತು. ಕೊನೆಗೆ ನಾನೇ ಪೋಣಿಸಿಕೊಟ್ಟೆ. ಹೊಸ ಹಿಮ್ಮಡಿ ಹಾಕಿಸಿಕೊಂಡು ಅತ್ತೆ ಎದ್ರು. ನಾನು ಹಿಂದೆ, ಅವರು ಮುಂದೆ, ಹದಿನೇಳೂ ಮೆಟ್ಟಿಲು ಹತ್ತಿದ್ರು. ಕೊನೇದನ್ನ ಕೋಲಿನಿಂದ ಎರಡು ಸಲ ಕುಟ್ಟಿ ನೋಡಿ ಹತ್ತಿದ್ರು.

ಇದನ್ನ ಓದ್ತಿರೋ ಅಕ್ಕ, ಕೇಳ್ತಿರೋ ಅಣ್ಣ, ನಿಮ್ಮ ಮನೆಯಲ್ಲೂ ಇಂಥ ಶುಕ್ರವಾರ ಬರಬಹುದು. ಗಾಬರಿಯಲ್ಲಿ ಸಿಕ್ಕಿದ ಹಾಸಿಗೆಗೆ ಹೂಂ ಅನ್ನಬೇಡಿ. ಹೋಗೋರು ಯಾರೋ ಅವರನ್ನ ಮೊದಲು ಕೇಳಿ. ಎರಡು ಮೂರು ಮನೆ ನೋಡಿ, ಒಂದು ಸಲ ಹೇಳದೆ ಹೋಗಿ, ಗಂಟೆ ಒತ್ತಿ, ಮಾತಾದದ್ದೆಲ್ಲ ಕಾಗದದ ಮೇಲೆ ತಗೊಳ್ಳಿ. ಗೊತ್ತಾಗದಿದ್ರೆ ಹತ್ತಿರದ ಆರೋಗ್ಯ ಕೇಂದ್ರದವರನ್ನ ಜೊತೆಗೆ ಕರೀರಿ. ಅಲ್ಲಿ ನಿಂತಾಗ ಈ ಯಾವ ಮಾತೂ ನೆನಪಾಗದೇ ಹೋದ್ರೆ, ನಾಚಿಕೆ ಪಡದೆ ಬಗ್ಗಿ, ಒಂದು ಚಪ್ಪಲಿ ತಿರುಗಿಸಿ ನೋಡಿ.