ಮಸಿ ಬೀಳದ ಮುಖ

ನಾನು ಒಂದು ಅಂಚೆಚೀಟಿ. ಹದಿನಾಲ್ಕು ವರ್ಷ ನನ್ನ ಮುಖದ ಮೇಲೆ ಒಂದು ಚುಕ್ಕೆ ಮಸಿ ಬಿದ್ದಿರಲಿಲ್ಲ. ಇದು ಹೆಮ್ಮೆಯ ಮಾತು ಎಂದು ನೀವು ಅಂದುಕೊಳ್ಳಬಹುದು. ಮೊದಲ ಕೆಲವು ದಿನ ನಾನೂ ಹಾಗೆಯೇ ಅಂದುಕೊಂಡು ಬೀಗಿದ್ದೆ.

ಕ್ರಿಸ್‌ಮಸ್ ಹಬ್ಬಕ್ಕೆಂದು ನಮ್ಮನ್ನು ಅಚ್ಚು ಹಾಕಿದರು. ಯಾವುದೋ ಹಳೆಯ ಇಗರ್ಜಿಯಲ್ಲಿ ಮರದ ಹಲಗೆಯ ಮೇಲೆ ಬರೆದಿದ್ದ ಮರಿಯಮ್ಮನ ಚಿತ್ರ ನನ್ನ ಮೈಮೇಲೆ ಬಂತು. ನೀಲಿ ಸೆರಗು, ಮಡಿಲಲ್ಲಿ ಕೂಸು. ಕೂಸಿನ ಕೈ ತಾಯಿಯ ಕೊರಳನ್ನು ಬಳಸಿದೆ. ಬೆನ್ನಿಗೆ ಅಂಟು ಬಳಿದು, ಸುತ್ತಲೂ ಸಾಲು ತೂತು ಹೊಡೆದು, ಒಂದೇ ಹಾಳೆಯಲ್ಲಿ ಹುಟ್ಟಿದ ಐವತ್ತು ಮಂದಿಯನ್ನು ಕಟ್ಟಿ ಕಳಿಸಿದರು. ನಾವು ಬಂದು ಸೇರಿದ್ದು ಕಾವೇರಿ ದಂಡೆಯ ಒಂದು ಸಣ್ಣ ಊರಿನ ಅಂಚೆ ಕಚೇರಿಗೆ.

ಅಲ್ಲಿ ಕಾಗದಗಳಿಗೆ ಠಸ್ಸೆ ಹೊಡೆಯುವವನು ಇನ್ನಾಸಪ್ಪ. ದಪ್ಪ ಬೆರಳು, ಮೆತ್ತನೆ ಮಾತು. ಅಣೆಕಟ್ಟು, ಹುಲಿ, ವಿಮಾನ, ಯಾವ ಚೀಟಿ ಬಂದರೂ ಧಡ್ ಧಡ್ ಎಂದು ಬಾರಿಸುತ್ತಿದ್ದ. ದೇವರ ಚಿತ್ರ ಬಂದರೆ ಮಾತ್ರ ಕೈ ತಡೆಯುತ್ತಿತ್ತು. ಗಣಪತಿಯಾಗಲಿ, ಬುದ್ಧನಾಗಲಿ, ಮರಿಯಮ್ಮನಾಗಲಿ, ಮುಖಕ್ಕೆ ಹೊಡೆಯಲಾರ. ಠಸ್ಸೆಯನ್ನು ಓರೆಯಾಗಿ ಹಿಡಿದು, ಚೀಟಿಯ ಮೂಲೆಗೆ ಉಗುರಿನಷ್ಟು ಗೆರೆ ತಾಗಿಸಿ ಬಿಡುತ್ತಿದ್ದ. ಊರ ಹೆಸರೂ ಮೂಡುತ್ತಿರಲಿಲ್ಲ, ತಾರೀಖೂ ಮೂಡುತ್ತಿರಲಿಲ್ಲ.

"ಏನಯ್ಯಾ, ಇದು ಸರ್ಕಾರಿ ಕೆಲಸಾನೋ ಪೂಜೇನೋ?" ಎಂದು ಪೋಸ್ಟ್‌ಮಾಸ್ಟರು ಗೊಣಗುತ್ತಿದ್ದರು.

"ದೇವ್ರ ಮಖಕ್ಕೆ ಹೊಡ್ದು ಎಲ್ಲಿಗೋಗ್ಲಿ ಸಾ?" ಎನ್ನುತ್ತಿದ್ದ. ಅವರೂ ನಕ್ಕು ಸುಮ್ಮನಾಗುತ್ತಿದ್ದರು. ಇಂಥ ಒಳ್ಳೆಯವನನ್ನು ಬೈಯುವುದಾದರೂ ಹೇಗೆ?

ಡಿಸೆಂಬರ್ ಇಪ್ಪತ್ತಾರರ ಸಂಜೆ ನಾಲ್ಕಕ್ಕೆ ರಾಜಮ್ಮಣ್ಣಿ ಬಂದಳು. ರೇಷ್ಮೆ ನೂಲು ತೆಗೆಯುವವಳು. ಕುದಿನೀರಿನಲ್ಲಿ ಗೂಡು ತಡಕಿ ತಡಕಿ ಬೆರಳ ತುದಿಗಳು ಸುಲಿದಿದ್ದವು. ಗಂಡ ಬಿಟ್ಟುಹೋಗಿದ್ದ. ಅವಳು ಕ್ಷಯದ ಆಸ್ಪತ್ರೆ ಸೇರುವಾಗ ಎರಡು ವರ್ಷದ ಮಗಳು ಸುಂದ್ರಿಯನ್ನು ನಗರದ ಒಂದು ಶಿಶುಗೃಹಕ್ಕೆ ಒಪ್ಪಿಸಿದ್ದಳು. ಈಗ ಅಲ್ಲಿಂದ ಕಾಗದ ಬಂದಿತ್ತು. ಮಗು ಬೇಕಾದರೆ ಕಾಯಿಲೆ ವಾಸಿಯಾಯಿತೆಂಬ ವೈದ್ಯರ ಸರ್ಟಿಫಿಕೇಟಿನೊಂದಿಗೆ ಅರ್ಜಿಯನ್ನು ಇಪ್ಪತ್ತೇಳರೊಳಗೆ ಅಂಚೆಗೆ ಹಾಕಿರಬೇಕು, ಇಲ್ಲವಾದರೆ ದತ್ತು ಕೊಡಲಾಗುವುದು. ಸರ್ಟಿಫಿಕೇಟು ಅವಳ ಕೈಗೆ ಸಿಕ್ಕಿದ್ದೇ ಆ ಮಧ್ಯಾಹ್ನ.

ರಿಜಿಸ್ಟರ್ ಮಾಡುವ ಹೊತ್ತು ಮೀರಿತ್ತು. ನಾಳೆ ಬಾ ಎಂದರು. ನಾಳೆಯನ್ನು ನಂಬುವ ಧೈರ್ಯ ಅವಳಿಗಿರಲಿಲ್ಲ. ಇನ್ನಾಸಪ್ಪನೇ ಹಾಳೆಯಿಂದ ನನ್ನನ್ನು ಆರಿಸಿ ಹರಿದ. "ತಾಯಿ ಮಗು ಇರೋ ಸ್ಟಾಂಪು ಕಣವ್ವಾ. ಇದ್ನೇ ಹಾಕು, ಒಳ್ಳೇದಾಯ್ತದೆ."

ಅವಳು ನನ್ನನ್ನು ನಾಲಿಗೆಗೆ ಒತ್ತಲಿಲ್ಲ. "ದೇವ್ರನ್ನ ಎಂಜ್ಲು ಮಾಡ್ಬಾರ್ದು" ಎಂದು ಮೇಜಿನ ಮೇಲಿದ್ದ ಬಟ್ಟಲಿನ ನೀರು ಸವರಿ ಲಕೋಟೆಗೆ ಹಚ್ಚಿದಳು. ಇನ್ನಾಸಪ್ಪ ಠಸ್ಸೆ ಎತ್ತಿದ. ತುಟಿಯಲ್ಲೇ ಏನೋ ಜಪಿಸಿ, ಎಂದಿನಂತೆ ಮೂಲೆಗೆ ತಾಗಿಸಿದ. ನನಗೆ ಎಷ್ಟು ಹಿತವಾಯಿತೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಹಬ್ಬದ ಕಾಗದಗಳ ರಾಶಿಯಲ್ಲಿ ನಮ್ಮ ಚೀಲ ಎಲ್ಲೋ ತಂಗಿತು. ಶಿಶುಗೃಹ ಮುಟ್ಟಿದಾಗ ಜನವರಿ ಐದು. ಲಕೋಟೆಯ ಬೆನ್ನಿಗೆ ಆ ನಗರದ ಅಂಚೆಯವರು ತಮ್ಮ ಠಸ್ಸೆಯನ್ನು ಅಚ್ಚುಕಟ್ಟಾಗಿ ಹೊಡೆದರು. ಜನವರಿ ಐದು ಎಂದು ಎಂಥವರಿಗೂ ಓದಲು ಬರುತ್ತಿತ್ತು.

ಮೂರು ದಿನ ಬಿಟ್ಟು ರಾಜಮ್ಮಣ್ಣಿ ಮಗಳನ್ನು ಕರೆದೊಯ್ಯಲು ಬಂದಳು. ಕೈಯಲ್ಲಿ ಹೊಸ ಲಂಗವಿತ್ತು. ಮೇಲ್ವಿಚಾರಕಿ ನನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಕೆಟ್ಟ ಹೆಂಗಸಲ್ಲ.

"ಇಪ್ಪತ್ತಾರಕ್ಕೆ ಹಾಕ್ದೆ ಅಂತೀಯ. ಮುದ್ರೆ ಎಲ್ಲಮ್ಮಾ? ತಾರೀಖು ಒಂದು ಕಾಣಿಸಿದ್ರೆ ನಾನೇ ನಿನ್ನ ಪರವಾಗಿ ನಿಂತ್ಕೊಳ್ತಿದ್ದೆ. ದತ್ತು ತಗೊಳ್ಳೋರು ಊರಿಗೆ ಬಂದಾಗಿದೆ. ಬೇಗ ಹೋಗಿ ಅಂಚೆ ಕಚೇರಿಯಿಂದ ಬರೆಸ್ಕೊಂಡು ಬಾ" ಎಂದು ಲಕೋಟೆಯನ್ನು ಅವಳ ಕೈಗಿತ್ತರು.

ಮಗಳನ್ನು ನೋಡಲು ಬಿಡಲಿಲ್ಲ. ನೋಡಿದರೆ ಮಗು ಅಳುತ್ತದಂತೆ.

ಊರಿನ ಅಂಚೆ ಕಚೇರಿಯಲ್ಲಿ ಲಕೋಟೆ ನೋಡಿದ್ದೇ ಇನ್ನಾಸಪ್ಪ ಒಂದು ಹಾಳೆ ಎಳೆದುಕೊಂಡ. "ಇಪ್ಪತ್ತಾರರಂದು ಈ ಕಾಗದ ನನ್ನ ಕೈಯಿಂದಲೇ ಹೋಯಿತು, ತಪ್ಪು ನನ್ನದು" ಎಂದು ಬರೆದ. ಪೋಸ್ಟ್‌ಮಾಸ್ಟರು ಸಹಿ ಹಾಕಲು ಎರಡು ದಿನ ಹಿಂದೆ ಮುಂದೆ ನೋಡಿದರು. ಮೂರನೆಯ ದಿನ ಸಹಿಯಾದ ಕಾಗದ ಹಿಡಿದು ಅವಳ ಜೊತೆ ಅವನೂ ಬಸ್ಸು ಹತ್ತಿದ. ಇಬ್ಬರೂ ಶಿಶುಗೃಹದ ಬಾಗಿಲಿಗೆ ಹೋಗಿ ನಿಂತಾಗ ಮೇಲ್ವಿಚಾರಕಿ ತಲೆ ಎತ್ತಲಿಲ್ಲ. ಸುಂದ್ರಿ ಹಿಂದಿನ ದಿನವೇ ಹೋಗಿದ್ದಳು. ಎಲ್ಲಿಗೆ ಎಂದು ಹೇಳಲು ನಿಯಮ ಬಿಡುತ್ತಿರಲಿಲ್ಲ.

ಗೇಟಿನ ಹೊರಗೆ ಬಂದು ರಾಜಮ್ಮಣ್ಣಿ ಹೊಸ ಲಂಗವನ್ನು ಮಡಚಿ ಸೆರಗಿಗೆ ಕಟ್ಟಿದಳು. ಅಳಲಿಲ್ಲ. ಆಮೇಲೆ ಲಕೋಟೆಯನ್ನು ಅವನ ಕೈಗಿಟ್ಟಳು.

"ನಾನೂ ಎಂಜ್ಲು ಮಾಡ್ನಿಲ್ಲ, ನೀವೂ ಮಸಿ ಮಾಡ್ನಿಲ್ಲ. ನೀವು ಕಾಪಾಡಿದ ತಾಯಿ ಮಗು ನಿಮ್ಮತ್ರನೇ ಇರ್ಲಿ ಅಣ್ಣ."

ಅವನು ಲಕೋಟೆಯನ್ನು ಅಂಗಿಯ ಜೇಬಿಗೆ ಇಳಿಸಿದ.

ಅಂದಿನಿಂದ ನಾನು ಅವನ ಮೇಜಿನ ಖಾನೆಯಲ್ಲಿ ಬಿದ್ದಿದ್ದೆ. ತಲೆಯ ಮೇಲೆ ದಿನವಿಡೀ ಠಸ್ಸೆಯ ಸದ್ದು. ಈಗ ಅವನು ಯಾವ ದೇವರನ್ನೂ ಬಿಡುತ್ತಿರಲಿಲ್ಲ. ಗಣಪತಿ ಬಂದರೂ ನಟ್ಟನಡುವೆ, ಮರಿಯಮ್ಮ ಬಂದರೂ ನಟ್ಟನಡುವೆ, ಮೇಜು ಅದುರುವ ಹಾಗೆ. ಇನ್ನಾಸಪ್ಪನಿಗೆ ತಲೆ ಕೆಟ್ಟಿದೆ ಎಂದು ಊರು ಆಡಿಕೊಂಡಿತು. ರಾಜಮ್ಮಣ್ಣಿ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಕೆಲಸಕ್ಕೆ ಹೋಗುವಾಗ ಬೀದಿಯ ಆಚೆ ಬದಿ ಹಿಡಿದು ನಡೆಯುತ್ತಿದ್ದಳಂತೆ.

ನನ್ನ ನೀಲಿ ಮಾಸಿತು, ಅಂಚು ಹಳದಿಯಾಯಿತು. ಕೂಸಿನ ಕೈ ಮಾತ್ರ ತಾಯಿಯ ಕೊರಳು ಬಿಡಲಿಲ್ಲ. ಅದನ್ನು ಹೊತ್ತಿರುವುದೇ ನನಗೆ ಹಿಂಸೆಯಾಗಿತ್ತು.

ಇನ್ನಾಸಪ್ಪ ನಿವೃತ್ತನಾದ ದಿನ ಹಾರ ಹಾಕಿದವರೆಲ್ಲ ಚಹಾ ಕುಡಿಯಲು ಆಚೆ ಹೋದರು. ಅವನು ಖಾನೆ ಎಳೆದ. ಠಸ್ಸೆಗೆ ತಾರೀಖು ಕೂರಿಸುವ ಅಚ್ಚಿನ ಡಬ್ಬಿಯ ತಳ ಕೆದಕಿ ಆ ಹಳೆಯ ವರ್ಷದ ಅಂಕಿ ಹುಡುಕಿದ. ತಿಂಗಳು ಕೂರಿಸಿದ, ಇಪ್ಪತ್ತಾರನ್ನು ಕೂರಿಸಿದ. ಠಸ್ಸೆಯನ್ನು ಮಸಿಗೆ ಒತ್ತಿ, ನೆಟ್ಟಗೆ ಹಿಡಿದು, ನನ್ನ ಮುಖಕ್ಕೆ ಹೊಡೆದ.

ತಾಯಿಯೂ ಮುಚ್ಚಿಹೋದಳು, ಕೂಸೂ ಮುಚ್ಚಿಹೋಯಿತು. ತಾರೀಖು ಸ್ಪಷ್ಟವಾಗಿ ಮೂಡಿತ್ತು. ಅದನ್ನು ಓದಬೇಕಾದವರು ಯಾರೂ ಅಲ್ಲಿರಲಿಲ್ಲ.