ಒಂದು ಮಣ ತೂಗಲಿ ಎಂದು

ನನ್ನ ಮೊಮ್ಮಗ ಲೋಕಪ್ಪನಿಗೆ ಮೂರು ವರ್ಷವಾದರೂ ಮೈ ಹಿಡಿದಿರಲಿಲ್ಲ. ತುಪ್ಪ ಕಲಸಿ ತಿನ್ನಿಸಿದರೂ ಅಷ್ಟೆ, ಹಾಲು ಕುಡಿಸಿದರೂ ಅಷ್ಟೆ. ಪಕ್ಕದ ಮನೆ ರಾಧಮ್ಮನ ಮಗನೋ, ಗುಂಡುಕಲ್ಲು!

ನಾನು ರಾಜೇಶ್ವರಮ್ಮ. ಶಿಕಾರಿಪುರದಲ್ಲಿ ನಮ್ಮದು ಬೆಲ್ಲದ ಅಂಗಡಿ. ಮನೆಯಲ್ಲಿ ನನ್ನ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. ಅದೇ ಮುಳುವಾಯಿತು.

ಆ ವರ್ಷ ಸೊರಬದ ಕಡೆ ಸಿಡುಬು ಎದ್ದಿದೆ ಎಂದು ಸುದ್ದಿ ಬಂತು. ಸಿಡುಬು ಬಾರದಂತೆ ತೋಳಿಗೆ ಲಸಿಕೆ ಚುಚ್ಚುವ, ನಮ್ಮ ಮಾತಿನಲ್ಲಿ ದಾಕು ಹಾಕುವ ಧರ್ಮಪ್ಪನವರು ಸೈಕಲ್ ತುಳಿದುಕೊಂಡು ನಮ್ಮ ಕೇರಿಗೆ ಬಂದರು. ರಾಧಮ್ಮ ಮಗನಿಗೆ ಹಾಕಿಸಿದಳು. ವಾರ ಕಳೆಯುವಷ್ಟರಲ್ಲಿ ಅವನ ತೋಳಿನ ಮೇಲೆ ಗುಳ್ಳೆ ಎದ್ದಿತು, ಮೈ ಕಾದಿತು, ಎರಡು ದಿನ ಒಂದೇ ಸಮನೆ ಅತ್ತ.

ಧರ್ಮಪ್ಪನವರು ಮತ್ತೆ ಬಂದಾಗ ಕೇಳಿದೆ. “ಆ ಗುಂಡುಕಲ್ಲೇ ಹಿಂಗೆ ನರಳಿದ್ರೆ, ನಮ್ಮ ಕಡ್ಡಿ ತಡಕೊಳ್ತದೇನ್ರಿ?”

“ಅಮ್ಮಾರೆ, ಜ್ವರ ತೂಕ ನೋಡ್ಕೊಂಡು ಬರಲ್ರೀ. ದಪ್ಪಗಿದ್ದೋರಿಗೂ ಬರ್ತದೆ, ಸಣ್ಣಗಿದ್ದೋರಿಗೂ ಬರ್ತದೆ, ಕೆಲವ್ರಿಗೆ ಬರೋದೇ ಇಲ್ಲ. ನಾಕು ದಿನಕ್ಕೆ ಇಳೀತದೆ. ಗುಳ್ಳೆ ಕೆರೀಬಾರ್ದು, ಬೂದಿಗೀದಿ ಮೆತ್ತಬಾರ್ದು. ಹುಡುಗನಿಗೆ ಬೇರೆ ಕಾಯಿಲೆ ಇದ್ರೆ ಹೇಳ್ರಿ, ಮೊದ್ಲು ಡಾಕ್ಟರಿಗೆ ತೋರ್ಸೋಣ.”

“ಕಾಯಿಲೆ ಏನಿಲ್ಲ. ಮೈಯಿಲ್ಲ ಅಷ್ಟೆ.”

“ಮೈಯಿಲ್ಲದೋನಿಗೆ ಸಿಡುಬು ಬಂದ್ರೆ ಏನ್ ಮಾಡ್ತೀರಿ?”

ಸೊಸೆ ನೀಲಾಂಬಿಕ ಬಾಗಿಲ ಹಿಂದಿನಿಂದ, “ಹಾಕ್ಸಿ ಬಿಡೋಣ ಅತ್ತೆ” ಎಂದಳು.

“ನೀ ಸುಮ್ನಿರು. ಒಂದು ಮಣ ತೂಗಲಿ, ಆಮೇಲೆ ಹಾಕ್ಸೋಣ.”

ಒಂದು ಮಣ ಎಂದು ಯಾರು ಹೇಳಿದರು ನನಗೆ? ಯಾರೂ ಇಲ್ಲ. ಬೆಲ್ಲ ಮಣದ ಲೆಕ್ಕದಲ್ಲಿ ತೂಗುತ್ತಿದ್ದೆವು, ಮಣ ಅಂದರೆ ಈಗಿನ ಹನ್ನೊಂದು ಕಿಲೋದಷ್ಟು; ಬಾಯಿಗೆ ಬಂತು, ಅಂದೆ.

ಅಂದಿನಿಂದ ಪ್ರತಿ ಸೋಮವಾರ ಅಂಗಡಿ ಬಾಗಿಲು ತೆಗೆದ ಕೂಡಲೇ ಹುಡುಗನನ್ನು ತಕ್ಕಡಿಯಲ್ಲಿ ಕೂರಿಸುತ್ತಿದ್ದೆ. ಅವನಿಗೆ ಅದು ಉಯ್ಯಾಲೆ. ಕೇಕೆ ಹಾಕಿ ನಗುತ್ತಿದ್ದ. ಎದುರು ತಟ್ಟೆಯ ಮಣದ ಕಲ್ಲೇ ಭಾರವಾಗಿ, ಅವನ ತಟ್ಟೆ ಮೇಲೇ ನಿಲ್ಲುತ್ತಿತ್ತು.

ಮೂರನೆಯ ಸೋಮವಾರ ಧರ್ಮಪ್ಪನವರೂ ಅಂಗಡಿ ಮುಂದೆ ನಿಂತಿದ್ದರು. ಹುಡುಗನನ್ನು ಕೂರಿಸಿದೆ. ತಟ್ಟೆ ಮೆಲ್ಲಗೆ ಇಳಿದು ಸಮನಾಗಿ ನಿಂತಿತು! “ಅಜ್ಜಿ, ನಾ ದಪ್ಪ ಆದೆ!” ಎಂದು ಕೂಗಿದ. ನೋಡಿದರೆ ಮಡಿಲಲ್ಲಿ ಒಂದು ಬೆಲ್ಲದ ಅಚ್ಚು ಬಚ್ಚಿಟ್ಟುಕೊಂಡಿದ್ದ. ಎಲ್ಲರೂ ನಕ್ಕೆವು. ನಾನು ಆ ಅಚ್ಚು ತೆಗೆದೆ. ತಟ್ಟೆ ಮೇಲೆ ಹೋಯಿತು.

“ಇನ್ನೂ ಆಗಿಲ್ಲ, ಮುಂದಿನ ಸಲ” ಎಂದು ಧರ್ಮಪ್ಪನವರನ್ನು ಕಳುಹಿಸಿಬಿಟ್ಟೆ.

ಹದಿನೈದು ದಿನಕ್ಕೆ ಹುಡುಗ ಸುಡುವ ಮೈಯಲ್ಲಿ ಮಲಗಿದ. ಆಮೇಲೆ ಮುಖ, ಕೈ, ಅಂಗಾಲು, ಸಿಡುಬಿನ ಗುಳ್ಳೆ ಏಳದ ಜಾಗವೇ ಇರಲಿಲ್ಲ. ನೀರು ಕೂಡ ಗಂಟಲಿಗೆ ಇಳಿಯಲಿಲ್ಲ. ಬೇವಿನ ಸೊಪ್ಪು ಹಾಸಿ ಮಲಗಿಸಿದೆವು, ಹರಕೆ ಹೊತ್ತೆವು. ಹನ್ನೊಂದನೆಯ ದಿನ ಹೊರಟುಹೋದ. ಮಣ್ಣು ಮಾಡಲು ನಮ್ಮ ಯಜಮಾನರು ಎತ್ತಿಕೊಂಡಾಗ, “ಏನೂ ಭಾರವೇ ಇಲ್ಲ ಕಣೆ” ಎಂದು ಗೋಳೋ ಎಂದು ಅತ್ತರು.

ನೀಲಾಂಬಿಕ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುವರ್ಷ ಅವಳಿಗೆ ಹೆಣ್ಣು ಕೂಸು ಹುಟ್ಟಿತು. ಅದೂ ಸಣಕಲೇ. ಧರ್ಮಪ್ಪನವರ ಸೈಕಲ್ ಗಂಟೆ ಕೇಳಿದ ಕೂಡಲೇ ಅವಳು ಯಾರನ್ನೂ ಕೇಳದೆ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ಆ ಎಳೆ ತೋಳನ್ನು ನಾನೇ ಹಿಡಿದುಕೊಂಡೆ. ಗುಳ್ಳೆ ಎದ್ದಿತು. ಜ್ವರ ಬಂತು. ಒದ್ದೆ ಬಟ್ಟೆ ಇಟ್ಟೆವು, ಎದೆಹಾಲು ಕುಡಿಸಿದಳು. ಮೂರು ದಿನಕ್ಕೆ ಇಳಿಯಿತು. ಅಷ್ಟೇ. ಲೋಕಪ್ಪನಿಗೂ ಅಷ್ಟೇ ಆಗುತ್ತಿತ್ತು.

ತಾಯಂದಿರೇ, ಅಜ್ಜಿಯರೇ, ನಿಮ್ಮ ಮಗು ಸಣಕಲೆಂದು ಹೆದರಿಕೆಯಾದರೆ ದಾಕು ಹಾಕುವವರ ಮುಂದೆ ಆ ಹೆದರಿಕೆ ಹೇಳಿ, ಕೇಳಿ, ಜಗಳ ಬೇಕಾದರೂ ಆಡಿ. ಮನೆಯಲ್ಲಿ ಕೂತು ನನ್ನ ಹಾಗೆ ತೀರ್ಮಾನ ಮಾಡಬೇಡಿ. ನಮ್ಮ ತಕ್ಕಡಿ ಇವತ್ತೂ ಅಲ್ಲೇ ತೂಗಾಡುತ್ತಿದೆ, ನಾನು ಅದರ ಹತ್ತಿರ ಹೋಗುವುದಿಲ್ಲ. ಸೈಕಲ್ ಗಂಟೆ ಕೇಳಿದರೆ ಮಗುವನ್ನು ಎತ್ತಿಕೊಂಡು ಹೊರಗೆ ಬನ್ನಿ. ಎಷ್ಟು ಹಗುರವಾಗಿದ್ದರೂ ಸರಿ, ಎತ್ತಿಕೊಂಡು ಬನ್ನಿ.