ಗೋಡೆ ಅಳೆಯದೆ ಹೂಂ ಅನ್ನಬೇಡಿ

ಅಕ್ಕತಂಗಿಯರೇ, ನನ್ನ ಹೆಸರು ಸರಸ್ವತಿ. ಅಹಮದಾಬಾದಿನ ಕನ್ನಡದವರ ನಡುವೆ ನನಗೆ ಜಗಳಗಂಟಿ ಎಂದು ಹೆಸರಾಗಿದೆ. ಆಗಲಿ ಬಿಡಿ. ಆ ಹೆಸರು ಹೇಗೆ ಬಂತು ಎಂದು ಹೇಳುತ್ತೇನೆ, ಕೇಳಿ. ಆಮೇಲೆ ನೀವೇ ತೀರ್ಮಾನ ಮಾಡಿ.

ತೊಂಬತ್ತಾರನೆಯ ಇಸವಿ. ನಮ್ಮ ಯಜಮಾನರು ಪದ್ಮನಾಭ, ವಿಮಾ ಕಚೇರಿಯಲ್ಲಿ ಗುಮಾಸ್ತರು. ಮೈಸೂರಿನಿಂದ ವರ್ಗವಾಗಿ ಬಂದು ಒಂದೂವರೆ ವರ್ಷವಾಗಿತ್ತು. ನವರಂಗಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಆ ಸಲದ ಮಳೆಗೆ ಒಳಕೋಣೆಯ ಗೋಡೆ ಬೂಷ್ಟು ಹಿಡಿದು, ಬಣ್ಣವೆಲ್ಲ ಹಪ್ಪಳದ ಹಾಗೆ ಎದ್ದಿತ್ತು. ಆ ಕೋಣೆಯಲ್ಲಿ ಮಲಗುತ್ತಿದ್ದವಳು ನನ್ನ ಏಳು ವರ್ಷದ ಮಗಳು ರಚನಾ. ಮಗುವಿಗೆ ಉಬ್ಬಸ. ಇನ್ನೊಂದು ಕೋಣೆ ಅಡುಗೆಮನೆಗೆ ಅಂಟಿದ್ದು, ಅಲ್ಲಿ ಒಗ್ಗರಣೆ ಹೊಗೆ. "ಗೋಡೆ ಸರಿ ಮಾಡಿಸಿ, ಇಲ್ಲದಿದ್ದರೆ ಮಗುವನ್ನು ಬೇರೆ ಕಡೆ ಇಡಿ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಮನೆ ಮಾಲೀಕರು "ನೀವೇ ಮಾಡಿಸಿಕೊಳ್ಳಿ" ಎಂದು ಕೈ ತೊಳೆದುಕೊಂಡರು.

ನಮ್ಮ ವರ್ಗಾವಣೆ ಜನರಲ್ಲಿ ಒಂದು ಪದ್ಧತಿ ಇದೆ. ಊರಿಗೆ ಮೊದಲು ಬಂದವರು ಆಮೇಲೆ ಬಂದವರ ಕೈಗೆ ಒಂದು ಚೀಟಿ ಕೊಡುತ್ತಾರೆ. ಹಾಲಿನವರು ಯಾರು, ಒಳ್ಳೆಯ ಡಾಕ್ಟರು ಯಾರು, ಯಾವ ಅಂಗಡಿಯಲ್ಲಿ ಹುಣಸೆಹಣ್ಣು ಸಿಗುತ್ತದೆ, ಎಲ್ಲ ಅದರಲ್ಲಿ ಇರುತ್ತದೆ. ಆ ಚೀಟಿ ನಮಗೆ ಶಾಸನ. ಮರುಪ್ರಶ್ನೆ ಕೇಳಿದರೆ ಕೊಟ್ಟವರಿಗೆ ಅವಮಾನವಂತೆ! ನಮಗೆ ಚೀಟಿ ಕೊಟ್ಟವರು ಬ್ಯಾಂಕಿನ ಭೀಮಸೇನರ ಹೆಂಡತಿ ನಳಿನಿ. ಅದರಲ್ಲಿ ಹೀಗಿತ್ತು: ಬಣ್ಣಕ್ಕೆ ಜಯಂತಿಭಾಯಿ, ಒಂದು ಕೋಣೆಗೆ ಮೂರು ಸಾವಿರದ ಆರುನೂರು ರೂಪಾಯಿ.

ಜಯಂತಿಭಾಯಿ ಬಂದರು. ಹೆಸರು ಜಯಂತಿ ಎಂದಿದ್ದರೂ ಗಂಡಸು. ಚಪ್ಪಲಿ ಕೂಡ ಬಿಡಲಿಲ್ಲ, ಬಾಗಿಲಲ್ಲೇ ನಿಂತು ಕತ್ತು ಚಾಚಿ ನೋಡಿದರು. "ಮೂರು ಸಾವಿರದ ಆರುನೂರು, ಬೇನ್. ನಿಮ್ಮವರೆಲ್ಲ ಇಷ್ಟೇ ಕೊಡೋದು" ಎಂದು, ಗುಜರಾತಿನ ರೂಢಿಯಂತೆ ನನ್ನನ್ನು ಅಕ್ಕ ಎಂದು ಕರೆದು, ಹಿಂದಿಯಲ್ಲಿ ಹೇಳಿದರು. "ದೀಪಾವಳಿ ಹತ್ತಿರ ಬಂತು. ನಾಳೆ ಸಂಜೆ ಬರ್ತೀನಿ, ಯೋಚಿಸಿ ಹೇಳಿ."

ನಮ್ಮ ಹತ್ತಿರ ಇದ್ದದ್ದು ಎರಡು ಸಾವಿರದ ಇನ್ನೂರು.

"ಹೋಗ್ಲಿ ಬಿಡೇ" ಎಂದರು ಯಜಮಾನರು. "ರಚನಾನ ಮೈಸೂರಲ್ಲಿ ನಮ್ಮಕ್ಕನ ಮನೇಲಿ ಬಿಡೋಣ. ಅಲ್ಲೇ ಸ್ಕೂಲಿಗೆ ಸೇರಿಸ್ತಾಳೆ. ದುಡ್ಡು ಕೂಡಿಟ್ಟು, ಬರೋ ವರ್ಷ ಬಣ್ಣ ಹೊಡೆಸಿ ಕರ್ಕೊಂಡು ಬಂದರಾಯ್ತು."

"ಒಂದು ಗೋಡೆಗೋಸ್ಕರ ಹೆತ್ತ ಮಗೂನ ಕಳಿಸಿಬಿಡ್ತೀರಾ?"

"ಭೀಮಸೇನ್ರೂ ಅಷ್ಟೇ ಕೊಟ್ಟಿದಾರಲ್ಲ, ಅವರೇನು ದಡ್ಡರಾ? ಪರಊರು ಕಣೇ. ಇಲ್ಲಿ ಚೌಕಾಸಿ ಮಾಡೋಕೆ ನಮಗೆ ಭಾಷೆ ಬರುತ್ತಾ?"

ಬಾಗಿಲ ಹಿಂದೆ ನಿಂತಿದ್ದ ರಚನಾ ಓಡಿ ಬಂದು ನನ್ನ ಸೆರಗು ಹಿಡಿದಳು. "ಹುಂ ನಹೀಂ ಜಾಉಂ!" ನಾನು ಹೋಗಲ್ಲ ಅಂತ. ಅತ್ತರೆ ಅವಳಿಗೆ ಗುಜರಾತಿಯೇ ಬರುತ್ತಿತ್ತು. ಅವಳನ್ನು ಎತ್ತಿಕೊಂಡೆ. ಕಳಿಸುವುದಿಲ್ಲ, ಯಾರು ಏನೇ ಹೇಳಲಿ ಕಳಿಸುವುದಿಲ್ಲ ಎಂದು ಅಲ್ಲೇ ನಿರ್ಧಾರ ಮಾಡಿದೆ.

ಬೆಳಿಗ್ಗೆ ಎದ್ದು ಪಕ್ಕದ ಬೀದಿಯ ವೈದೇಹಿಯ ಮನೆಗೆ ಹೋದೆ. ಧಾರವಾಡದವರು, ಕೇಂದ್ರ ಸರ್ಕಾರದ ಕಟ್ಟಡ ವಿಭಾಗದಲ್ಲಿ ಓವರ್‌ಸಿಯರ್. ದಿನಬೆಳಗಾದರೆ ಇಂಥದ್ದೇ ಲೆಕ್ಕ ನೋಡುವ ಹೆಂಗಸು.

"ಎಷ್ಟ ಕೇಳ್ಯಾರ?" ಎಂದರು.

"ಮೂರು ಸಾವಿರದ ಆರುನೂರು."

"ಖೋಲಿ ಎಷ್ಟ ದೊಡ್ಡದೈತಿ?"

"ಅದು... ಗೊತ್ತಿಲ್ಲ ರೀ."

"ಭಾಳ ಚಲೋ ಆತು! ಬ್ಲೌಸ್ ಪೀಸ್ ತಗೊಳ್ಳುವಾಗ ಕಣ್ಣಾಗ ಎಣ್ಣಿ ಬಿಟ್ಕೊಂಡು ಅಳತಿ ಮಾಡಸ್ತೀರಿ. ಗ್ವಾಡಿಗೆ ಮಾತ್ರ ಕಣ್ಣ ಮುಚ್ಚಿ ರೊಕ್ಕ ಕೊಡ್ತೀರಿ. ನಡೀರಿ, ಟೇಪ್ ತರ್ತೀನಿ."

ಬಂದರು. ನಾನು ನೆಲದ ಮೇಲೆ ಟೇಪು ಹಾಸಿದೆ. "ನಾಕೂ ಗ್ವಾಡಿ ಅಳೀರಿ, ಮ್ಯಾಲಿನ ಸೂರೂ ಅಳೀರಿ. ಬಣ್ಣ ಹಚ್ಚೂದು ಅಲ್ಲಿ" ಎಂದು ಗದರಿದರು. ಕೋಣೆಯ ಉದ್ದ ಹನ್ನೊಂದು ಅಡಿ, ಅಗಲ ಹತ್ತು, ಎತ್ತರ ಹತ್ತು. ನಾಲ್ಕು ಗೋಡೆ ಸೇರಿ ನಾನೂರ ಇಪ್ಪತ್ತು ಚದರಡಿ. ಸೂರು ನೂರ ಹತ್ತು. ಬಾಗಿಲು ಕಿಟಕಿಗೆ ಮೂವತ್ತು ಕಳೆದರೆ ಉಳಿದದ್ದು ಐನೂರು. ಕಿಟಕಿಯ ಮೇಲೆ ಬೆರಳು ಹೋಗುವಷ್ಟು ಬಿರುಕಿತ್ತು. "ನೀರು ಬರೂದು ಇಲ್ಲಿಂದ. ಇದನ್ನ ಮುಚ್ಚಲಾರದ ಬಂಗಾರದ ಬಣ್ಣ ಬಳದ್ರೂ ಮುಂದಿನ ಮಳಿಗೆ ಉದುರತೈತಿ. ಜಯಂತಿಭಾಯಿ ಇದನ್ನ ನೋಡಿದ್ರೇನು?" ಎಂದು ಕೇಳಿದರು. ಒಳಗೇ ಬರದವರು ಏನು ನೋಡುತ್ತಾರೆ!

"ಈಗ ನಳಿನಿ ಅವರ ಮನಿಗೆ ಹೋಗಿ ಅವರು ಬಣ್ಣ ಹಚ್ಚಿಸಿದ್ದನ್ನೂ ಅಳೀರಿ" ಎಂದರು ವೈದೇಹಿ.

ನಳಿನಿ ಮುಖ ಊದಿಸಿಕೊಂಡರು. "ನನ್ನ ಮೇಲೆ ನಂಬಿಕೆ ಇಲ್ವೇನ್ರೀ?"

"ನಿಮ್ಮ ಮೇಲೆ ಇದೆ ರೀ. ನಿಮ್ಮ ಗೋಡೆ ಮೇಲೆ ಇಲ್ಲ" ಎಂದು ಟೇಪು ಬಿಚ್ಚಿಯೇ ಬಿಟ್ಟೆ.

ಅವರು ಬಣ್ಣ ಹೊಡೆಸಿದ್ದು ಇಪ್ಪತ್ತು ಅಡಿ ಉದ್ದದ, ಹದಿನಾಲ್ಕು ಅಡಿ ಅಗಲದ ನಡುಮನೆಗೆ! ನಾಲ್ಕು ಗೋಡೆ, ಸೂರು ಸೇರಿಸಿ, ಬಾಗಿಲು ಕಿಟಕಿ ಕಳೆದರೆ ಒಂಬೈನೂರು ಚದರಡಿ. ಮೂರು ಸಾವಿರದ ಆರುನೂರನ್ನು ಒಂಬೈನೂರರಿಂದ ಭಾಗಿಸಿದರೆ ಚದರಡಿಗೆ ನಾಲ್ಕು ರೂಪಾಯಿ. ಅವರು ಕೊಟ್ಟದ್ದು ನ್ಯಾಯವಾದ ಬೆಲೆಯೇ. ನಮ್ಮ ಐನೂರಕ್ಕೆ ಅದೇ ಲೆಕ್ಕ ಹಾಕಿದರೆ ಎರಡು ಸಾವಿರ.

ನಳಿನಿ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ರಾಮ! ನಿಮ್ಮ ಕೋಣೆ ಇಷ್ಟು ಚಿಕ್ಕದು ಅನ್ನೋದು ನನ್ನ ತಲೇಗೇ ಹೊಳೀಲಿಲ್ಲ. ಇದೇ ಚೀಟಿ ಇನ್ನೂ ಇಬ್ಬರಿಗೆ ಕೊಟ್ಟಿದೀನಲ್ರೀ!"

ಮರಳುವಾಗ ಸರ್ಕಲ್ಲಿನಲ್ಲಿ ಕೂತಿದ್ದ ಒಬ್ಬ ಬಣ್ಣದವರನ್ನು ಕೇಳಿದೆ. "ಇಡೀ ಕೋಣೆಗೆ ಒಂಬೈನೂರು ಕೊಡಿ" ಎಂದರು. ನನಗೆ ಕುಣಿದಾಡುವ ಹಾಗಾಯಿತು. ಬಂದು ವೈದೇಹಿಗೆ ಹೇಳಿದರೆ ತಲೆ ಚಚ್ಚಿಕೊಂಡರು. "ಹಳೇದು ಕೆರೀತಾರೇನು? ಎಷ್ಟ ಕೋಟು?" ಓಡಿ ಹೋಗಿ ವಿಚಾರಿಸಿದರೆ, ಕೆರೆಯುವುದಿಲ್ಲ, ಒಂದೇ ಕೋಟು. ಅಗ್ಗದ್ದೆಲ್ಲ ನ್ಯಾಯದ್ದಲ್ಲ, ತಿಳಿಯಿತಲ್ಲ? ಇನ್ನಿಬ್ಬರನ್ನು ಕೇಳಿದೆ. ಹಳೆಯದನ್ನು ಕೆರೆದು, ತೂತು ಮುಚ್ಚುವ ಪುಟ್ಟಿ ಮೆತ್ತಿ, ಎರಡು ಕೋಟು ಡಿಸ್ಟೆಂಪರ್ ಬಣ್ಣ ಹೊಡೆಯಲು, ಸಾಮಾನು ಸಮೇತ, ಒಬ್ಬರು ಚದರಡಿಗೆ ನಾಲ್ಕು, ಇನ್ನೊಬ್ಬರು ನಾಲ್ಕೂವರೆ ಹೇಳಿದರು.

ಸಂಜೆ ಜಯಂತಿಭಾಯಿ ಬಂದರು. ನನ್ನ ಹರಕು ಹಿಂದಿಯಲ್ಲಿ ಹೇಳಿದೆ. "ನನ್ನ ಗೋಡೆ ಐನೂರು ಚದರಡಿ. ಎರಡು ಸಾವಿರ ಕೊಡ್ತೀನಿ."

ಅವರು ನಕ್ಕು ಯಜಮಾನರ ಕಡೆ ತಿರುಗಿದರು. "ಸಾಹೇಬ್, ನೀವು ಹೇಳಿ."

ಯಜಮಾನರು ಕನ್ನಡದಲ್ಲಿ ಪಿಸುಗುಟ್ಟಿದರು. "ಸುಮ್ನಿರೇ, ಪರಊರು."

"ಪರಊರಾದ್ರೆ ಏನ್ರೀ? ಮೈಸೂರಲ್ಲಿ ಅಡಿಗೆ ಹನ್ನೆರಡು ಇಂಚು, ಇಲ್ಲೇನು ಆರೇ ಇಂಚಾ?" ಎಂದು ಗಟ್ಟಿಯಾಗಿಯೇ ಕೇಳಿದೆ. ಟೇಪಿನ ತುದಿಯನ್ನು ಅವರ ಕೈಗೆ ಕೊಟ್ಟೆ. "ಹಿಡ್ಕೊಳ್ಳಿ. ಭಾಯಿ ಎದುರಿಗೇ ಅಳೆಯೋಣ."

ಗಂಡ ಒಂದು ಮೂಲೆ, ಹೆಂಡತಿ ಒಂದು ಮೂಲೆ. ಜಯಂತಿಭಾಯಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಅಳತೆ ನೋಡಿದರು, ಬಿರುಕು ನೋಡಿದರು. ಆಮೇಲೆ ಹೇಳಿದರು: "ಬೇನ್, ಎಂಟು ವರ್ಷದಿಂದ ನಿಮ್ಮ ಜನರ ಮನೆಗೆ ಬರ್ತಿದೀನಿ. ಯಾರೂ ಅಳೀಲಿಲ್ಲ, ಯಾರೂ ಕೇಳ್ಲಿಲ್ಲ. ನಾನು ಯಾಕೆ ಕಡಿಮೆ ಹೇಳ್ಲಿ?"

ನಮಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು?

"ಆದ್ರೆ ಬಿರುಕಿಗೆ ಸಿಮೆಂಟು ಮೆತ್ತಬೇಕು, ಅದರ ಕೂಲಿ ಬೇರೆ" ಎಂದರು. ಅದೂ ನ್ಯಾಯವೇ. ದುಡಿಯುವವರ ಹೊಟ್ಟೆಯ ಮೇಲೆ ಹೊಡೆಯಲು ನಾವು ಟೇಪು ಹಿಡಿದಿರಲಿಲ್ಲ. ಎರಡು ಸಾವಿರದ ನೂರೈವತ್ತಕ್ಕೆ ಮುಗಿಯಿತು. ಏನೇನು ಕೆಲಸ, ಎಷ್ಟು ಕೋಟು, ಯಾವ ಬಣ್ಣ, ಎಲ್ಲ ಕಾಗದದ ಮೇಲೆ ಬರೆಸಿಕೊಂಡೆವು. ಅರ್ಧ ಹಣ ಮೊದಲು, ಅರ್ಧ ಕೆಲಸ ನೋಡಿದ ಮೇಲೆ. ಬಣ್ಣದ ವಾಸನೆ ಹೋಗುವ ತನಕ ರಚನಾಳನ್ನು ವೈದೇಹಿ ತಮ್ಮ ಮನೆಯಲ್ಲಿ ಮಲಗಿಸಿಕೊಂಡರು.

ವಾರ ಕಳೆದು ಮಗಳು ತನ್ನ ಕೋಣೆಗೆ ಬಂದು, ಹಾಸಿಗೆಯ ಮೇಲೆ ಕುಣಿದು, ಮಲಗಿದಳು. ಯಜಮಾನರು ಪಕ್ಕದಲ್ಲಿ ಕೂತು ಬಹಳ ಹೊತ್ತು ಅವಳ ಉಸಿರು ಕೇಳಿದರು. ಸುಂಯ್ ಎನ್ನುವ ಸದ್ದಿಲ್ಲ. "ನಾನು ಇವಳನ್ನ ಕಳಿಸಿಬಿಡ್ತಿದ್ದೆ ಕಣೇ" ಎಂದು ಕಣ್ಣು ಒರೆಸಿಕೊಂಡರು.

ಓದುವ ತಾಯಂದಿರೇ, ಅಣ್ಣಂದಿರೇ, ನೀವು ಸೂರತ್ತಿನ ಉಧ್ನಾದಲ್ಲಿರಿ, ವಡೋದರದಲ್ಲಿರಿ, ಬಣ್ಣ ಹೊಡೆಸುವ ಮೊದಲು ಗೋಡೆ ಅಳೆಯಿರಿ. ಮೂವರ ಹತ್ತಿರ ಚದರಡಿಯ ರೇಟು ಕೇಳಿ. ಕೆರೆಯುವುದು, ಪುಟ್ಟಿ, ಕೋಟು, ಸಾಮಾನು ಯಾರದು ಎಂದು ಬರೆಸಿಕೊಳ್ಳಿ. ಜಗಳಗಂಟಿ ಎಂದರೆ ಅನ್ನಿಸಿಕೊಳ್ಳಿ. ನಿಮ್ಮ ಸಂಕೋಚದ ದಂಡವನ್ನು ನಿಮ್ಮ ಮಕ್ಕಳು ಯಾಕೆ ಕಟ್ಟಬೇಕು?